ಮಂಚದ ಕೆಳಗೆ ಯಾರೂ ಇಲ್ಲ

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವುದು ಸುದ್ದಿಯಲ್ಲ, ಬರುವುದೇ ಸುದ್ದಿ. ಜೂನ್ ತಿಂಗಳ ಗಾಳಿಗೆ ತೋಟದೊಳಗೆ ಎಲ್ಲೋ ಒಂದು ಸಿಲ್ವರ್ ಮರದ ಕೊಂಬೆ ತಂತಿಯ ಮೇಲೆ ಬಿತ್ತೆಂದರೆ ಸಿದ್ದಾಪುರದಿಂದ ಈಚೆಗೆ ಎರಡು ಮೂರು ದಿನ ಕತ್ತಲು. 2018ರ ಜೂನ್‌ನಲ್ಲಿ ಅಂಥದೊಂದು ರಾತ್ರಿ ಐದು ವರ್ಷದ ಮಗಳನ್ನು ಮಧ್ಯೆ ಕೂರಿಸಿಕೊಂಡು ನಾವು ಮೊಬೈಲಿನ ಬೆಳಕಿನಲ್ಲಿ ಒಂದು ಚಿತ್ರಪುಸ್ತಕ ಓದುತ್ತಿದ್ದೆವು. ಕತ್ತಲಿಗೆ ಹೆದರುವ ಒಬ್ಬ ಹುಡುಗನ ಕತೆ. ಅವನ ಅಮ್ಮ ಬಂದು ಮಂಚದ ಕೆಳಗೆ ಬಗ್ಗಿ ನೋಡುತ್ತಾಳೆ, ಯಾರೂ ಇಲ್ಲ. ಕಪಾಟು ತೆಗೆದು ನೋಡುತ್ತಾಳೆ, ಅಲ್ಲೂ ಯಾರೂ ಇಲ್ಲ. ಪರದೆ ಸರಿಸುತ್ತಾಳೆ, ಹೊರಗೂ ಯಾರೂ ಇಲ್ಲ. ಹುಡುಗ ನಿದ್ದೆ ಹೋಗುತ್ತಾನೆ. ಕತೆ ಮುಗಿಯಿತು.

ಮಗಳು ಪುಟ ತಿರುಗಿಸಲು ಬಿಡಲಿಲ್ಲ. ಪರದೆಯ ಚಿತ್ರದ ಮೇಲೆ ಬೆರಳಿಟ್ಟು, "ಹೊರಗೆ ಆನೆ ಇಲ್ವಾ?" ಎಂದು ಕೇಳಿದಳು.

"ಇಲ್ಲ, ಏನೂ ಇಲ್ಲ, ಮಲಗು" ಎಂದೆವು.

ಹಾಗೆ ಹೇಳುವಾಗ ನಮಗೆ ಚೆನ್ನಾಗಿ ಗೊತ್ತಿತ್ತು. ಆ ವಾರ ಎರಡು ಸಲ ಆನೆ ನಮ್ಮ ಬೇಲಿಯವರೆಗೆ ಬಂದಿತ್ತು. ಹಲಸಿನ ಮರದ ಕೆಳಗಿನ ಮಣ್ಣು ಇನ್ನೂ ಕೆದರಿಕೊಂಡೇ ಇತ್ತು. ಅವಳಿಗೂ ಗೊತ್ತಿತ್ತು. ಬೆಳಿಗ್ಗೆ ಲದ್ದಿಯನ್ನು ಮೊದಲು ನೋಡಿ ಕೂಗಿ ಹೇಳಿದವಳು ಅವಳೇ. ನಮ್ಮ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಮತ್ತೇನೂ ಕೇಳದೆ ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡಳು. ಆನೆಗೆ ಹೆದರಿದ ಮಗು ನಮ್ಮನ್ನು ಅಪ್ಪಿಕೊಳ್ಳುತ್ತಿತ್ತು. ಅಂದು ಅವಳು ನಮ್ಮಿಬ್ಬರ ಮಧ್ಯದಲ್ಲೇ ಒಬ್ಬಳೇ ಆದಳು ಎಂದು ನಮಗೆ ಈಗಲೂ ಅನ್ನಿಸುತ್ತದೆ.

ನಾವು ಚಿಕ್ಕವರಿದ್ದಾಗ ಚಿತ್ರಪುಸ್ತಕದ ಹಂಗಿರಲಿಲ್ಲ. ಶಾಲೆಯ ಪಠ್ಯಪುಸ್ತಕದಲ್ಲಿದ್ದ ಮಸುಕು ಚಿತ್ರಗಳೇ ಚಿತ್ರಗಳು. ಎಂಬತ್ತರ ದಶಕದಲ್ಲಿ ಪೇಟೆಯ ಗ್ರಂಥಾಲಯದಲ್ಲಿ ನವಕರ್ನಾಟಕದವರು ತಂದುಕೊಡುತ್ತಿದ್ದ ರಷ್ಯಾದ ಮಕ್ಕಳ ಪುಸ್ತಕಗಳು ಕೆಲವಿದ್ದವು. ಹೊಳೆಯುವ ಕಾಗದ, ದಪ್ಪ ಕರಡಿಗಳು, ಹಿಮ. ನೆಹರೂ ಬಾಲ ಪುಸ್ತಕಾಲಯದ ತೆಳುವಾದ ಪುಸ್ತಕಗಳೂ ಅಲ್ಲಲ್ಲಿ ಇದ್ದವು. ಆದರೆ ಅವು ಹಗಲು ಓದುವ ಪುಸ್ತಕಗಳು. ರಾತ್ರಿಗೆ ಬೇರೆ ವ್ಯವಸ್ಥೆ ಇತ್ತು. ಚಿಮಣಿ ದೀಪ ಸಣ್ಣಗೆ ಮಾಡಿ ವಲ್ಯುಮ್ಮ ಕತೆ ಹೇಳುತ್ತಿದ್ದರು. ಒಂದೇ ಚಾಪೆಯ ಮೇಲೆ ನಾವು ಐದು ಮಕ್ಕಳು. ಹೆದರಿಕೆ ಐವರಿಗೂ ಹಂಚಿಹೋಗುವುದರಿಂದ ಒಬ್ಬೊಬ್ಬರ ಪಾಲಿಗೆ ಬರುತ್ತಿದ್ದುದು ಸ್ವಲ್ಪವೇ.

ನಿಜವಾದ ಕತ್ತಲು ಇದ್ದದ್ದು ಬೆಳಗಿನ ಜಾವದಲ್ಲಿ. ಶಾಲೆಗೆ ಮುಂಚೆ ಮದ್ರಸಾ. ಡಿಸೆಂಬರ್ ತಿಂಗಳಲ್ಲಿ ಕಾಫಿ ತೋಟದ ನಡುವಿನ ದಾರಿಯಲ್ಲಿ ಮಂಜು ಇಳಿದು, ಮುಂದೆ ಹೋಗುವವನ ಬೆನ್ನು ಕೂಡ ಕಾಣುತ್ತಿರಲಿಲ್ಲ. ಒಂದೇ ಟಾರ್ಚು, ಅದರ ಬ್ಯಾಟರಿ ಅರೆಜೀವ. ಕಾಫಿ ಗಿಡದ ಕೆಳಗೆ ಏನಾದರೂ ಸರಿದಾಡಿದರೆ ಅಣ್ಣ ಗಟ್ಟಿಯಾಗಿ 'ಕುಲ್ ಅಊದು' ಓದುತ್ತಿದ್ದ. ನಾವೂ ದನಿಗೂಡಿಸುತ್ತಿದ್ದೆವು. ಅರ್ಥ ಗೊತ್ತಿರಲಿಲ್ಲ. ಗಟ್ಟಿಯಾಗಿ ಓದಿದರೆ ಹಂದಿ ಓಡಿಹೋಗುತ್ತದೆ ಎಂಬುದು ಮಾತ್ರ ಅನುಭವದಿಂದ ಗೊತ್ತಿತ್ತು.

ಇನ್ನು ಗುಮ್ಮ. ಕನ್ನಡದ ಮಕ್ಕಳಿಗೆಲ್ಲ ಗುಮ್ಮ ಹಳೆಯ ಪರಿಚಯ. ಪುರಂದರದಾಸರ ಒಂದು ಪ್ರಸಿದ್ಧ ಪದದಲ್ಲಿ ಬಾಲಕೃಷ್ಣನೇ ಗುಮ್ಮನಿಗೆ ಹೆದರಿ, ಅವನನ್ನು ಕರೆಯಬೇಡವೆಂದು ತಾಯಿಯನ್ನು ಗೋಗರೆಯುತ್ತಾನೆ. ದೇವರಿಗೇ ಹೀಗಾದರೆ ನಮ್ಮ ನಿಮ್ಮ ಮಕ್ಕಳ ಪಾಡೇನು? ಗುಮ್ಮನಿಗೆ ಆಕಾರವಿಲ್ಲ, ಊರಿಲ್ಲ, ಹೆಸರಿಲ್ಲ. ಅದು ಅವನ ಒಳ್ಳೆಯ ಗುಣ ಎಂದು ನಾವು ಹೇಳುತ್ತೇವೆ. ಏಕೆಂದರೆ ಗುಮ್ಮನಿಗೆ ಮುಖ ಬರೆಯುವ ದೊಡ್ಡವರೂ ಇದ್ದಾರೆ.

ಏಳೆಂಟು ವರ್ಷದವರಿದ್ದಾಗ ಒಂದು ಸಂಜೆ ನಾವು ಪಕ್ಕದ ಮನೆಗೆ ಮೊಸರಿಗೆ ಹೆಪ್ಪು ಕೇಳಲು ಹೋಗಿದ್ದೆವು. ಒಳ್ಳೆಯ ಜನ. ಹಬ್ಬಕ್ಕೆ ಅವರಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ತಟ್ಟೆ ಹೋಗಿ ಬರುತ್ತಿದ್ದ ಮನೆ. ಆ ಮನೆಯ ಚಿಕ್ಕ ಹುಡುಗ ಊಟ ಮಾಡಲು ಹಟ ಮಾಡುತ್ತಿದ್ದ. ಅಡುಗೆಮನೆಯಿಂದ ಅವನ ಅಜ್ಜಿಯ ದನಿ ಬಂತು: "ಉಣ್ಣದಿದ್ದರೆ ಸಾಬ ಬಂದು ಚೀಲದಲ್ಲಿ ಹಾಕ್ಕೊಂಡು ಹೋಗ್ತಾನೆ." ಹುಡುಗ ಬಾಯಿ ತೆರೆದ. ನಾವು ಖಾಲಿ ಲೋಟ ಹಿಡಿದುಕೊಂಡು ಜಗಲಿಯಲ್ಲಿ ನಿಂತಿದ್ದೆವು. ಅಜ್ಜಿ ಹೊರಗೆ ಬಂದು ನಮ್ಮನ್ನು ನೋಡಿದರು. ಏನೂ ಆಗಿಲ್ಲವೆಂಬಂತೆ ಹೆಪ್ಪಿನ ಜೊತೆ ಎರಡು ಬಾಳೆಹಣ್ಣನ್ನೂ ಕೊಟ್ಟರು. ಅವರಿಗೆ ನಿಜಕ್ಕೂ ಏನೂ ಆಗಿರಲಿಲ್ಲ. ಅವರ ಬಾಯಿಯ ಸಾಬನಿಗೂ ಎದುರಿಗೆ ಲೋಟ ಹಿಡಿದು ನಿಂತ ಮಕ್ಕಳಿಗೂ ಅವರ ಮನಸ್ಸಿನಲ್ಲಿ ಯಾವ ಸಂಬಂಧವೂ ಇರಲಿಲ್ಲ. ಆದರೆ ಆ ಹುಡುಗ ಮಾತ್ರ ನಮ್ಮ ಕೈಯನ್ನು ನೋಡುತ್ತಿದ್ದ, ಚೀಲ ಇದೆಯೋ ಎಂದು.

ಇದನ್ನು ಹೇಳಿ ಬೀಗಲು ನಮಗೆ ಹಕ್ಕಿಲ್ಲ. ನಮ್ಮ ವಲ್ಯುಮ್ಮನ ಕತ್ತಲಲ್ಲಿಯೂ ಒಬ್ಬನಿದ್ದ. ಅವನ ಹೆಸರು ಒಡಿಯನ್. ಮಲಬಾರಿನಿಂದ ಘಟ್ಟ ಹತ್ತಿ ಬಂದವರ ಜೊತೆ ಅವನ ಕತೆಯೂ ಹತ್ತಿ ಬಂದಿತ್ತು. ರಾತ್ರಿ ಹೊತ್ತು ಎತ್ತಾಗಿ, ನಾಯಿಯಾಗಿ ವೇಷ ಬದಲಿಸಿ ದಾರಿಗೆ ಅಡ್ಡ ನಿಲ್ಲುವವನು. ಬಹಳ ಕಾಲದ ನಂತರ ನಮಗೆ ತಿಳಿಯಿತು, ಕೇರಳದಲ್ಲಿ ಈ ಕತೆಯನ್ನು ಹೊರಿಸಿದ್ದು ಪಾಣನ್, ಪರಯನ್ ಮೊದಲಾದ ಜಾತಿಗಳ ಬಡವರ ಮೇಲೆ ಎಂದು. ನಮ್ಮ ವಲ್ಯುಮ್ಮ ಅದನ್ನು ಕೊಡಗಿಗೆ ಹೊಂದಿಸಿಕೊಂಡು, ತೋಟದ ಲೈನು ಮನೆಗಳಿಂದ ಆಚೆ ಗುಡಿಸಲಲ್ಲಿದ್ದ ಎರವರ ಮೇಲೆ ಹೊರಿಸಿದ್ದರು. ಊರಿನಲ್ಲಿ ದೀಪವೇ ಇಲ್ಲದ ಮನೆ ಅವರದು. ಹಗಲೆಲ್ಲ ನಮ್ಮ ಜೊತೆ ಕಾಫಿ ಕೊಯ್ಯುತ್ತಿದ್ದವನು ಮಗ್ರಿಬ್ ಬಾಂಗಿನ ನಂತರ ಎತ್ತಾಗುತ್ತಾನೆ ಎಂದು ನಾವು ಪೂರ್ತಿ ನಂಬಿದ್ದೆವು. ಅವನ ಮಕ್ಕಳಿಗೆ ಅವನ ಹೆಂಡತಿ ಯಾರ ಹೆಸರು ಹೇಳಿ ಹೆದರಿಸುತ್ತಿದ್ದಳೋ, ಕೇಳುವ ಯೋಚನೆಯೇ ನಮಗೆ ಬರಲಿಲ್ಲ.

ಮಗಳ ವಿಷಯಕ್ಕೆ ಬರುತ್ತೇವೆ. ಆ ಜೂನ್ ರಾತ್ರಿಯ ನಂತರ ಕತ್ತಲಿನ ಬಗ್ಗೆ ಇರುವ ಚಿತ್ರಪುಸ್ತಕಗಳನ್ನು ಹುಡುಕುವ ಹುಚ್ಚು ಹಿಡಿಯಿತು. ಗಲ್ಫಿನಿಂದ, ಬೆಂಗಳೂರಿನಿಂದ ಬರುವ ನೆಂಟರಿಗೆ ಚಾಕೊಲೇಟ್ ಬೇಡ, ಪುಸ್ತಕ ತನ್ನಿ ಎಂದೆವು. ಅವರು ಎರಡನ್ನೂ ತಂದರು. ಪ್ರಥಮ್ ಬುಕ್ಸ್‌ನವರು ಬೆಂಗಳೂರಿನಲ್ಲಿ 2004ರಿಂದ ಅಗ್ಗದ ಚಿತ್ರಪುಸ್ತಕ ತರುತ್ತಿರುವುದೂ, 2015ರಿಂದ ಸ್ಟೋರಿವೀವರ್ ಎಂಬ ತಾಣದಲ್ಲಿ ಅವನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಿಟ್ಟಿಯಾಗಿ ಇಟ್ಟಿರುವುದೂ ಆಗಲೇ ನಮಗೆ ಗೊತ್ತಾದದ್ದು. ಸಿಗ್ನಲ್ ಇದ್ದ ದಿನ ಇಳಿಸಿಕೊಂಡು, ಇಲ್ಲದ ದಿನ ಓದುತ್ತಿದ್ದೆವು.

ಇಂಗ್ಲಿಷಿನವರಲ್ಲಿ ಇದೊಂದು ದೊಡ್ಡ ಪರಂಪರೆಯೇ ಇದೆ. 1947ರಲ್ಲಿ ಬಂದ ಮಾರ್ಗರೆಟ್ ವೈಸ್ ಬ್ರೌನ್ ಅವರ 'ಗುಡ್‌ನೈಟ್ ಮೂನ್'ನಲ್ಲಿ ಹೆದರಿಕೆಯ ಮಾತೇ ಇಲ್ಲ. ಪುಟ ತಿರುಗಿಸಿದಂತೆ ಕೋಣೆಯ ಬಣ್ಣ ಸ್ವಲ್ಪ ಸ್ವಲ್ಪವೇ ಕಪ್ಪಾಗುತ್ತ ಹೋಗುತ್ತದೆ. ಓದುವ ಮಗುವಿಗೆ ಕತ್ತಲಾದದ್ದೇ ತಿಳಿಯುವುದಿಲ್ಲ. 1968ರ ಮರ್ಸರ್ ಮೇಯರ್ ಪುಸ್ತಕದಲ್ಲಿ ಕಪಾಟಿನೊಳಗೆ ಒಂದು ದುಃಸ್ವಪ್ನ ವಾಸವಾಗಿದೆ. ಹುಡುಗ ಆಟದ ಬಂದೂಕು ಹಾರಿಸಿದಾಗ ಅದೇ ಅಳತೊಡಗುತ್ತದೆ, ಕೊನೆಗೆ ಹುಡುಗ ಅದನ್ನು ತನ್ನ ಹಾಸಿಗೆಯಲ್ಲೇ ಮಲಗಿಸಿಕೊಳ್ಳುತ್ತಾನೆ. 2013ರಲ್ಲಿ ಲೆಮನಿ ಸ್ನಿಕೆಟ್ ಬರೆದು ಜಾನ್ ಕ್ಲಾಸೆನ್ ಚಿತ್ರ ಬಿಡಿಸಿದ 'ದಿ ಡಾರ್ಕ್' ಇನ್ನೂ ವಿಚಿತ್ರ. ಅಲ್ಲಿ ಕತ್ತಲೇ ಒಂದು ಪಾತ್ರ. ಮನೆಯ ನೆಲಮಾಳಿಗೆಯಲ್ಲಿ ಅದರ ಬಿಡಾರ. ಒಂದು ರಾತ್ರಿ ಅದು ಹುಡುಗನನ್ನು ಕರೆದು ಕೆಳಗಿಳಿಸಿ, ಬಲ್ಬು ಇರುವ ಡ್ರಾಯರ್ ತೋರಿಸಿಕೊಡುತ್ತದೆ.

ಎಲ್ಲವೂ ಚೆನ್ನ. ಆದರೆ ಓದುತ್ತ ಓದುತ್ತ ನಮಗೆ ನಗು ಬರತೊಡಗಿತು. ಆ ಪುಸ್ತಕಗಳಲ್ಲಿ ಮಗುವಿಗೆ ಒಂದು ಪ್ರತ್ಯೇಕ ಕೋಣೆ, ಒಂದು ಮಂಚ. ಅಪ್ಪ ಅಮ್ಮ ಬಂದು ಮುತ್ತು ಕೊಟ್ಟು ದೀಪ ಆರಿಸಿ ಬಾಗಿಲು ಎಳೆದುಕೊಂಡು ಹೋಗುತ್ತಾರೆ. ಮಗು ಒಬ್ಬಂಟಿ. ಅಲ್ಲಿ ಕತ್ತಲೆಂದರೆ ಅರ್ಧ ಪಾಲು ಒಂಟಿತನ. ನಮ್ಮಲ್ಲಿ ಮಂಚದ ಕೆಳಗೆ ದೆವ್ವಕ್ಕೆ ಜಾಗವೆಲ್ಲಿ? ಅಲ್ಲಿ ಕಾಳುಮೆಣಸಿನ ಚೀಲ, ಹಳೆಯ ಬಕೆಟ್, ಮಳೆಗಾಲಕ್ಕೆಂದು ಒಣಗಿಸಿಟ್ಟ ಹುಣಸೆಯ ಭರಣಿ. ಗೋದ್ರೆಜ್ ಕಪಾಟಿನ ಬೀಗದ ಕೈ ಉಮ್ಮನ ಸೆರಗಿನಲ್ಲಿ. ದುಃಸ್ವಪ್ನ ಒಳಗೆ ಹೋಗುವುದಾದರೂ ಹೇಗೆ? ನಮ್ಮ ಮಕ್ಕಳಿಗೆ ಕತ್ತಲು ಕೋಣೆಯಲ್ಲಿಲ್ಲ. ಗೋಡೆಯ ಆಚೆ ಇದೆ, ಮತ್ತು ಅದರಲ್ಲಿ ಏನೋ ನಿಜವಾಗಿಯೂ ಇದೆ.

ಮಗಳಿಗೆ ಹಿಡಿಸಿದ್ದು ಎರಡೇ. ಒಂದು, ಮಾರ್ಟಿನ್ ವಾಡೆಲ್ ಮತ್ತು ಬಾರ್ಬರಾ ಫರ್ತ್ ಅವರ 1988ರ ಕರಡಿ ಪುಸ್ತಕ. ಮರಿ ಕರಡಿಗೆ ಗುಹೆಯ ಕತ್ತಲು ಹೆದರಿಕೆ. ದೊಡ್ಡ ಕರಡಿ ಒಂದು ಸಣ್ಣ ಲಾಂದ್ರ ತರುತ್ತದೆ, ಆಮೇಲೆ ಅದಕ್ಕಿಂತ ದೊಡ್ಡದು, ಆಮೇಲೆ ಎಲ್ಲಕ್ಕಿಂತ ದೊಡ್ಡದು. ಕೊನೆಗೆ ಮರಿಯನ್ನು ಎತ್ತಿಕೊಂಡು ಹೊರಗೆ ಹೋಗಿ ಚಂದ್ರನನ್ನು ತೋರಿಸುತ್ತದೆ. ಇನ್ನೊಂದು 1968ರಲ್ಲಿ ಜಿಲ್ ಟಾಮ್ಲಿನ್‌ಸನ್ ಬರೆದ, ಕತ್ತಲಿಗೆ ಹೆದರುವ ಗೂಬೆಮರಿಯ ಕತೆ. ಗೂಬೆಯಾಗಿ ಹುಟ್ಟಿ ಕತ್ತಲಿಗೆ ಹೆದರಿದರೆ ಹೊಟ್ಟೆಪಾಡು ಹೇಗೆ? ತಾಯಿ ಅದನ್ನು ಗದರಿಸುವುದಿಲ್ಲ. ಕತ್ತಲಿನ ವಿಷಯ ಬೇರೆಯವರನ್ನು ಕೇಳಿ ಬಾ ಎಂದು ಕಳಿಸುತ್ತಾಳೆ. ಅದು ಒಬ್ಬೊಬ್ಬರ ಹತ್ತಿರ ಒಂದೊಂದು ಮಾತು ಕೇಳಿಕೊಂಡು ಬರುತ್ತದೆ. ಈ ಎರಡು ಪುಸ್ತಕಗಳಲ್ಲೂ ದೊಡ್ಡವರು 'ಏನೂ ಇಲ್ಲ, ಮಲಗು' ಎಂದು ಹೇಳಿ ಕೈ ತೊಳೆದುಕೊಳ್ಳುವುದಿಲ್ಲ. ಮಗಳಿಗೆ ಅವು ಏಕೆ ಹಿಡಿಸಿದವು ಎಂಬುದು ಆಗ ನಮಗೆ ಹೊಳೆದಿರಲಿಲ್ಲ. ನಮ್ಮ ತೊಂದರೆ ಬೇರೆ ಇತ್ತು. ಕೊಡಗಿನಲ್ಲಿ ದೊಡ್ಡ ಕರಡಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರಿಯನ್ನು ಹೊರಗೆ ಎತ್ತಿಕೊಂಡು ಹೋದರೆ ಚಂದ್ರ ಸಿಗುವುದಿಲ್ಲ. ಇಂಬಳ ಸಿಗುತ್ತದೆ.

ಆ ವರ್ಷದ ಜುಲೈ ತಿಂಗಳನ್ನು ಇಲ್ಲಿ ಬಿಟ್ಟುಬಿಡಬಹುದಿತ್ತು. ಬಿಡಲು ಮನಸ್ಸು ಒಪ್ಪುವುದಿಲ್ಲ. ಮೇ ತಿಂಗಳಿನಿಂದಲೇ ಮೊಬೈಲುಗಳಲ್ಲಿ ಮಕ್ಕಳ ಕಳ್ಳರ ಸುದ್ದಿ ಹರಿದಾಡುತ್ತಿತ್ತು. ಚೀಲ ಹಿಡಿದವರು, ಕಂಬಳಿ ಮಾರುವವರು, ಭಿಕ್ಷುಕರು, ಗೊತ್ತಿಲ್ಲದ ಭಾಷೆಯವರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದ ರಾಜಸ್ಥಾನದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ನಮ್ಮ ಕುಟುಂಬದ ಗುಂಪಿಗೂ ಒಂದು ಧ್ವನಿಮುದ್ರಿಕೆ ಬಂತು. ಯಾವುದೋ ಹೆಂಗಸು ಅಳುತ್ತ, ಮಕ್ಕಳನ್ನು ಹೊರಗೆ ಬಿಡಬೇಡಿ ಎಂದು ಹೇಳುತ್ತಿದ್ದಳು. ನಾವು ಅದನ್ನು ಪೂರ್ತಿ ಕೇಳಲಿಲ್ಲ. ಕೇಳುವ ಮೊದಲೇ ಮಗಳ ಶಾಲೆಯ ತಾಯಂದಿರ ಗುಂಪಿಗೆ ಕಳಿಸಿಯಾಗಿತ್ತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಎಂಬ ಹಳ್ಳಿಯಲ್ಲಿ ಹೈದರಾಬಾದಿನ ಒಬ್ಬ ಯುವ ಇಂಜಿನಿಯರನನ್ನು ಮಕ್ಕಳ ಕಳ್ಳನೆಂದು ಹೊಡೆದು ಸಾಯಿಸಿದರು. ಗೆಳೆಯರ ಜೊತೆ ಬಂದವನು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣ. ಅವನು ಮುಸ್ಲಿಮನಾಗಿದ್ದ.

ಸುದ್ದಿ ಓದಿದ ದಿನ ಹೆಪ್ಪಿನ ಲೋಟದ ಆ ಸಂಜೆ ನೆನಪಾಯಿತು. ಆಮೇಲೆ ನಾವು ಕಳಿಸಿದ್ದ ಧ್ವನಿಮುದ್ರಿಕೆ ನೆನಪಾಯಿತು. ಚೀಲ ಹಿಡಿದ ಗುಮ್ಮನಾಗಿ ಒಮ್ಮೆ ಜಗಲಿಯಲ್ಲಿ ನಿಂತಿದ್ದ ನಾವೇ, ಮೂವತ್ತು ಚಿಲ್ಲರೆ ವರ್ಷಗಳ ನಂತರ ಮೂವತ್ತು ತಾಯಂದಿರಿಗೆ ಗುಮ್ಮನನ್ನು ಹಂಚಿದ್ದೆವು. ನಮ್ಮ ಗುಂಪಿನಿಂದ ಯಾರಿಗೂ ಏನೂ ಆಗಲಿಲ್ಲ ಎಂಬುದು ನಮ್ಮ ಹೆಚ್ಚುಗಾರಿಕೆಯಲ್ಲ. ತಪ್ಪಾಯಿತೆಂದು ಆ ಗುಂಪಿನಲ್ಲಿ ಬರೆದೆವು. ಇಬ್ಬರು ಹೆಬ್ಬೆರಳು ಎತ್ತಿ ತೋರಿಸಿದರು. ಉಳಿದವರು ಓದಿ ಸುಮ್ಮನಾದರು.

ಮರುತಿಂಗಳು ಗುಡ್ಡಗಳು ಬಿದ್ದವು. 2018ರ ಆಗಸ್ಟ್ ನಡುವಿನ ಆ ದಿನಗಳನ್ನು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿ. ನಮ್ಮಲ್ಲಿ ಬೆಟ್ಟದ ಇಳಿಜಾರಿಗೆ ಬರೆ ಎನ್ನುತ್ತಾರೆ. ಪ್ರತಿ ಮಳೆಗಾಲದಲ್ಲೂ ಅಲ್ಲೊಂದು ಇಲ್ಲೊಂದು ಬರೆ ಕುಸಿಯುವುದು ಇದ್ದದ್ದೇ. ಆ ವರ್ಷ ಬರೆಗಳು ಮನೆ, ತೋಟ, ರಸ್ತೆಗಳನ್ನು ಹೊತ್ತುಕೊಂಡು ಇಳಿದವು. ಮಡಿಕೇರಿ, ಸುಂಟಿಕೊಪ್ಪ, ಕುಶಾಲನಗರದ ಶಾಲೆ, ಸಮುದಾಯ ಭವನ, ದೇವಸ್ಥಾನ, ಮದ್ರಸಾಗಳಲ್ಲಿ ಪರಿಹಾರ ಕೇಂದ್ರಗಳು ತೆರೆದವು. ನಮ್ಮ ಕಡೆಯಿಂದ ಅಕ್ಕಿ, ಕಂಬಳಿ, ಔಷಧಿ ಹೊತ್ತುಕೊಂಡು ಜೀಪುಗಳು ಹೋದವು. ಅದರಲ್ಲೊಂದರಲ್ಲಿ ನಾವು ಮಗಳ ಚಿತ್ರಪುಸ್ತಕಗಳ ಒಂದು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಹೋದೆವು. ಮಕ್ಕಳಿಗೆ ಸ್ವಲ್ಪ ಮನಸ್ಸು ಹಗುರಾಗಲಿ ಎಂದು. ಒಳ್ಳೆಯ ಉದ್ದೇಶ ಇದ್ದವರಿಗೆ ಎಲ್ಲವೂ ಸುಲಭವಾಗಿ ಕಾಣುತ್ತದೆ.

ಶಾಲೆಯ ತರಗತಿ ಕೋಣೆ. ಬೆಂಚುಗಳನ್ನು ಗೋಡೆಗೆ ಒತ್ತಿ ನೆಲಕ್ಕೆ ಜಮಖಾನೆ ಹಾಸಿದ್ದರು. ಹದಿನೈದು ಮಕ್ಕಳಿರಬಹುದು. ಕೊಡವರ, ಗೌಡರ ಮನೆಯವರು, ತೋಟದ ಕೆಲಸದವರ ಮಕ್ಕಳು, ನಮ್ಮವರು. ಸಂಜೆಯಾಗುತ್ತಿದ್ದಂತೆ ಎಲ್ಲರೂ ಬಾಗಿಲಿನಿಂದ ಒಳಗೆ ಸರಿಯತೊಡಗಿದರು. ಪೆಟ್ಟಿಗೆಯಿಂದ ಕೈಗೆ ಬಂದ ಪುಸ್ತಕ ತೆಗೆದೆವು. ಮಂಚದ ಕೆಳಗೆ ಯಾರೂ ಇಲ್ಲ, ಅದೇ ಪುಸ್ತಕ. ಅರ್ಧ ಓದಿದ್ದೆವೋ ಇಲ್ಲವೋ, ಪರದೆಯ ಪುಟ ಬಂತು. ಹೊರಗೆ ಕೇಳಿದ್ದು ಗಾಳಿಯ ಸದ್ದು ಅಷ್ಟೇ ಎಂದು ಅಮ್ಮ ಹೇಳುವ ಪುಟ.

ಎಂಟು ವರ್ಷದ ಹುಡುಗನೊಬ್ಬ, ಸಿಟ್ಟಿಲ್ಲದೆ, ಶಾಲೆಯಲ್ಲಿ ತಪ್ಪು ತಿದ್ದುವವನಂತೆ ಹೇಳಿದ: "ಅದು ಗಾಳಿ ಅಲ್ಲ. ನಮ್ಮಪ್ಪನೂ ಗಾಳಿ ಅಂದ್ರು. ಬರೆ ಬಂತು."

ಪುಸ್ತಕ ಮುಚ್ಚಿದೆವು. ಅವನ ಮನೆಯವರೆಲ್ಲ ಬದುಕಿದ್ದರು. ಅಪ್ಪ ಅಲ್ಲೇ ಹೊರಗೆ ಊಟದ ಸಾಲಿನಲ್ಲಿದ್ದರು. ಹುಡುಗನಿಗೆ ಅಪ್ಪನ ಮೇಲೆ ದೂರೇನೂ ಇರಲಿಲ್ಲ. ಆದರೆ ಆ ಅಪ್ಪ ಆ ರಾತ್ರಿ ಹೇಳಿದ ಮಾತು ಯಾವುದೆಂದು ನಮಗೆ ಗೊತ್ತಿತ್ತು. ನಾವೂ ಅದನ್ನೇ ಹೇಳಿದ್ದೆವು, ಆನೆಯ ವಿಷಯದಲ್ಲಿ.

ಕಾಗದ ಮತ್ತು ಮೇಣದ ಬಣ್ಣದ ಡಬ್ಬಿಗಳಿದ್ದವು. ಅವನ್ನು ಹಂಚಿ ಸುಮ್ಮನೆ ಕೂತೆವು. ಇವರು ಕತ್ತಲು ಬಿಡಿಸುತ್ತಾರೆ, ಕಪ್ಪು ಬಣ್ಣ ಮೊದಲು ಮುಗಿಯುತ್ತದೆ ಎಂದುಕೊಂಡಿದ್ದೆವು. ಮೊದಲು ಮುಗಿದದ್ದು ಕಂದು. ಎಲ್ಲ ಡಬ್ಬಿಗಳಲ್ಲೂ ಕಂದು ಬಣ್ಣದ ಕಡ್ಡಿ ಸವೆದು ಬೆರಳಿಗೆ ಸಿಗದಂತಾಯಿತು. ಒಂದು ಹುಡುಗಿ ಕಂದು ಸಿಗದೆ ಕೆಂಪಿನ ಮೇಲೆ ಹಸಿರು ತಿಕ್ಕಿ ತಿಕ್ಕಿ ಮಣ್ಣು ಮಾಡಿಕೊಂಡಳು. ಗೊತ್ತಿಲ್ಲದವರು ಮಕ್ಕಳ ಹೆದರಿಕೆಗೆ ಬಣ್ಣ ಆರಿಸಬಾರದು.

ಮನೆಗೆ ಬಂದ ಮೇಲೆ ಬಹಳ ದಿನ ಇದೇ ತಲೆಯಲ್ಲಿ ತಿರುಗುತ್ತಿತ್ತು. ಮದ್ರಸಾದ ದಾರಿಯಲ್ಲಿ ಅಣ್ಣನ ಜೊತೆ ಗಟ್ಟಿಯಾಗಿ ಓದುತ್ತಿದ್ದ ಸೂರಃ ಅಲ್ ಫಲಕ್‌ನ ಅರ್ಥವನ್ನು ಒಂದು ರಾತ್ರಿ ಮತ್ತೆ ತೆಗೆದು ನೋಡಿದೆವು. ಮಲಗುವ ಮುನ್ನ ಪ್ರವಾದಿ(ಸ)ರವರು ಕುರ್‌ಆನಿನ ಕೊನೆಯ ಮೂರು ಸೂರಃಗಳನ್ನು ಓದಿ ಅಂಗೈಗಳಿಗೆ ಊದಿ ಮೈಗೆ ಸವರಿಕೊಳ್ಳುತ್ತಿದ್ದರೆಂದು ಹದೀಸ್‌ನಲ್ಲಿದೆ. ನಮ್ಮ ಮನೆಗಳಲ್ಲಿ ಉಮ್ಮಂದಿರು ಮಕ್ಕಳ ತಲೆ ಸವರುವುದು ಅದೇ ರೂಢಿಯಿಂದ. ಅಷ್ಟು ವರ್ಷ ಓದಿದ್ದರೂ ಒಂದು ವಿಷಯ ನಮ್ಮ ಗಮನಕ್ಕೆ ಬಂದಿರಲಿಲ್ಲ. ಆ ಸೂರಃ ಕತ್ತಲಲ್ಲಿ ಏನೂ ಇಲ್ಲ ಎನ್ನುವುದಿಲ್ಲ. ಇರುಳು ಕವಿದಾಗ ಅದರಲ್ಲಿ ಇರಬಹುದಾದ ಕೆಡುಕಿನ ಹೆಸರೆತ್ತಿಯೇ, ಮುಂಜಾವಿನ ಒಡೆಯನಲ್ಲಿ ಅಭಯ ಕೇಳುತ್ತದೆ. ಕೊನೆಗೆ ಹೊಟ್ಟೆಕಿಚ್ಚಿನವನ ಕೆಡುಕನ್ನೂ ಹೇಳುತ್ತದೆ, ಅದು ಹಗಲಿನಲ್ಲೂ ಇರುವಂಥದು. ಸಂಜೆಯಾದೊಡನೆ ಮಕ್ಕಳನ್ನು ಒಳಗೆ ಕರೆದುಕೊಳ್ಳಿ, ಬಾಗಿಲು ಹಾಕಿ, ಮಲಗುವಾಗ ದೀಪ ಆರಿಸಿ ಎಂದು ಹೇಳುವ ಹದೀಸ್ ಕೂಡ ಇದೆ. ಆನೆ ತಿರುಗುವ ನಮ್ಮ ತೋಟಗಳಲ್ಲಿ ಕಾವಲಿನವರು ಹೇಳುವುದೂ ಇದನ್ನೇ. ಅದೇ ಕುರ್‌ಆನ್ ಇನ್ನೊಂದು ಕಡೆ ಇರುಳನ್ನು ಉಡುಪಿಗೆ ಹೋಲಿಸಿ ಅದು ವಿಶ್ರಾಂತಿಗೆಂದು ಹೇಳುತ್ತದೆ. ಎರಡೂ ಮಾತು ಒಟ್ಟಿಗೆ ಇವೆ. ಹ. ಯೂನುಸ್(ಅ)ರು ಮೀನಿನ ಹೊಟ್ಟೆಯಿಂದ ಮೊರೆಯಿಡುವ ಕಡೆ ಕತ್ತಲು ಒಂದಲ್ಲ, ಕತ್ತಲುಗಳು ಎಂದಿದೆ. ಮಗಳಿಗೆ ಇದನ್ನು ಹೇಳಿದಾಗ ಅವಳು ಎಣಿಸಿಯೇಬಿಟ್ಟಳು: ರಾತ್ರಿ ಒಂದು, ಸಮುದ್ರ ಒಂದು, ಹೊಟ್ಟೆ ಒಂದು. ವ್ಯಾಖ್ಯಾನಕಾರರೂ ಹೀಗೆಯೇ ಎಣಿಸಿದ್ದಾರೆಂದು ಉಸ್ತಾದರೊಬ್ಬರು ಹೇಳಿ ನಕ್ಕರು.

ಆ ವರ್ಷದ ಕೊನೆಗೆ, ಮಳೆ ನಿಂತು ಆಕಾಶ ಬಿಳಿಯಾದ ಮೇಲೆ, ಒಂದು ರಾತ್ರಿ ಅವಳನ್ನು ಜಗಲಿಗೆ ಕರೆತಂದು ಎಲ್ಲ ದೀಪ, ಮೊಬೈಲು ಆರಿಸಿ ಕೂತೆವು. ಮನುಷ್ಯನ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕಂತೆ. ನಡುವೆ ಒಮ್ಮೆ ಟಾರ್ಚ್ ಒತ್ತಿದರೆ ಮತ್ತೆ ಮೊದಲಿನಿಂದ. ಮೊದಲ ಐದು ನಿಮಿಷ ಅವಳು ನಮ್ಮ ತೋಳು ಚಿವುಟುತ್ತಿದ್ದಳು. ಆಮೇಲೆ ಅಂಗಳದ ಅಂಚು ಕಂಡಿತು, ಆಮೇಲೆ ಕಾಫಿ ಗಿಡಗಳ ತಲೆ, ಆಮೇಲೆ ಬೇಲಿಯ ಕಂಬಗಳು ಒಂದೊಂದಾಗಿ. "ಕಂಬ ಎಲ್ಲೂ ಹೋಗಿಲ್ಲ" ಎಂದಳು. ಹಾಗಾದರೆ ಕತ್ತಲಲ್ಲಿ ಏನೇನಿದೆ ಎಂದು ಕೇಳಿದೆವು. ಆನೆ ಎಂದು ಶುರುಮಾಡಿದಳು. ಈ ಸಲ ನಾವು ಇಲ್ಲ ಎನ್ನಲಿಲ್ಲ.

ಹಾಗೆ ಒಂದು ಪುಸ್ತಕ ಶುರುವಾಯಿತು. ಇನ್ನೂರು ಪುಟದ ನೋಟುಬುಕ್ಕಿನ ಹಾಳೆ ಬಿಡಿಸಿ ಗೋಣಿದಾರದಲ್ಲಿ ಹೊಲಿದದ್ದು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರು ಕನ್ನಡದ ಮಕ್ಕಳಿಗೆ ಹಾವು, ಇಲಿ, ಸಿಗಡಿಗಳನ್ನೆಲ್ಲ ಕತೆ ಹಾಡುಗಳಲ್ಲಿ ಕೊಟ್ಟರು, ಹುತ್ತರಿಯ ಮೇಲೂ ಹಾಡು ಕಟ್ಟಿದರು. ಅವರು ಓಡಾಡಿದ ಊರಿನಲ್ಲಿ ಮಕ್ಕಳ ಪುಸ್ತಕ ಮಾಡುತ್ತಿದ್ದೇವೆ ಎಂಬ ಸಣ್ಣ ಜಂಬ ನಮಗೆ. ಚಿತ್ರ ನಮ್ಮದು, ಮಾತು ಅವಳದು. ಒಂದು ಪುಟಕ್ಕೆ ಕತ್ತಲಿನ ಒಂದು ವಸ್ತು. ಕಪ್ಪೆ. ಮಿಂಚುಹುಳ. ಹಂದಿ. ಕಾವಲಿನವನ ಬೀಡಿ. ಮಸೀದಿಯ ಹಸಿರು ದೀಪ. ಎರವರ ಹಾಡಿಯ ದುಡಿಯ ಸದ್ದು, ಅದನ್ನು ಅವಳು ಬಿಡಿಸು ಎಂದಾಗ ಸದ್ದನ್ನು ಬಿಡಿಸುವುದು ಹೇಗೆಂದು ಗೊತ್ತಾಗದೆ ಒಂದು ಮನೆ ಬಿಡಿಸಿದೆವು, ಕಿಟಕಿಯಲ್ಲಿ ದೀಪ ಇಟ್ಟು. ಆನೆ ಮಾತ್ರ ಎಷ್ಟು ಸಲ ಬಿಡಿಸಿದರೂ ಹಂದಿಯ ಅಣ್ಣನಂತೆ ಕಾಣುತ್ತಿತ್ತು.

2019ರ ಮೇ ಕೊನೆಗೆ ಆನೆಯೇ ಬಂದು ತಿದ್ದುಪಡಿ ಮಾಡಿತು. ಬೇಲಿ ಮುರಿದು, ಹಲಸು ತಿಂದು, ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಕೆಸರಿನಲ್ಲಿ ಹೆಜ್ಜೆ ಬಿಟ್ಟುಹೋಗಿತ್ತು. ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಆನೆಯ ಎತ್ತರವಿರುತ್ತದೆ ಎಂದು ಅರಣ್ಯ ಇಲಾಖೆಯವರು ಲೆಕ್ಕ ಹಾಕುವುದುಂಟು. ಗೋಣಿದಾರ ತಂದು ಹೆಜ್ಜೆಯ ಸುತ್ತ ಇಟ್ಟು ಅಳೆದೆವು. ನಾಲ್ಕು ಅಡಿ ಚಿಲ್ಲರೆ. ಅದರ ಎರಡರಷ್ಟನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದಾಗ ಅವಳು ಕತ್ತು ಎತ್ತಿ ನೋಡಿ, "ಪುಟ ಸಾಲಲ್ಲ" ಎಂದಳು. ಇನ್ನೆರಡು ಹಾಳೆ ಅಂಟಿಸಿ ಮಡಿಚುವ ಪುಟ ಮಾಡಿದೆವು. ಆ ರಾತ್ರಿಯಿಂದ ಅವಳ ಹೆದರಿಕೆ ಹೋಯಿತೆಂದು ಬರೆದರೆ ಚೆನ್ನಾಗಿರುತ್ತಿತ್ತು. ಹೋಗಲಿಲ್ಲ. ಸದ್ದಾದರೆ ಈಗ ನಮ್ಮನ್ನು ಎಬ್ಬಿಸುತ್ತಿದ್ದಳು. ಮೊದಲು ಎಬ್ಬಿಸುತ್ತಿರಲಿಲ್ಲ.

ಆ ಆಗಸ್ಟ್‌ನಲ್ಲಿ ಕಾವೇರಿ ನಮ್ಮ ಕಡೆಯೇ ಉಕ್ಕಿದಳು. ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗಿತು. ಎಷ್ಟೋ ಮನೆ ಬಿದ್ದವು. ಹೊಳೆಬದಿಯ ನೆಂಟರ ಎರಡು ಕುಟುಂಬ ಹನ್ನೆರಡು ದಿನ ನಮ್ಮಲ್ಲಿದ್ದವು. ಮತ್ತೆ ಒಂದೇ ಚಾಪೆ, ಆರು ಮಕ್ಕಳು, ಕರೆಂಟಿಲ್ಲ. ಮಗಳು ತನ್ನ ಪುಸ್ತಕ ತೆಗೆದು ಪುಟ ಪುಟ ತೋರಿಸಿದಳು. ಆನೆಯ ಮಡಿಕೆ ಬಿಚ್ಚಿದಾಗ ಎಲ್ಲರೂ ಹೋ ಎಂದರು. ಬಂದವರಲ್ಲಿ ಏಳು ವರ್ಷದ ಹುಡುಗಿ ಮಾತ್ರ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುಗಿಸಿ, "ಹೊಳೆ ಎಲ್ಲಿ?" ಎಂದು ಕೇಳಿದಳು.

ಹೊಳೆ ಇರಲಿಲ್ಲ. ಇಬ್ಬರೂ ಸೇರಿ ಬಿಡಿಸಲು ಕೂತರು. ಹೊಳೆ ಎಷ್ಟು ದೊಡ್ಡದು ಎಂಬಲ್ಲಿ ಜಗಳವಾಯಿತು. ಹೆಜ್ಜೆ ಇಲ್ಲದ್ದನ್ನು ಅಳೆಯುವುದು ಹೇಗೆ ಎಂದು ನಮ್ಮನ್ನು ಕೇಳಿದರು. ನಮಗೆ ಉತ್ತರ ತೋಚಲಿಲ್ಲ.

ನೀರು ಇಳಿದ ಮೇಲೆ ಅವರ ಮನೆ ತೊಳೆಯಲು ಎಲ್ಲರೂ ಹೋದೆವು. ಗೋಡೆಗಳು ನಿಂತಿದ್ದವು. ನಾಲ್ಕೂ ಗೋಡೆಗಳ ಮೇಲೆ ಪಟ್ಟಿ ಹಿಡಿದು ಎಳೆದಂತೆ ಒಂದು ಕಂದು ಗೆರೆ. ಅಲ್ಲಿಯವರೆಗೆ ಹೊಳೆ ಬಂದಿತ್ತು. ಆ ಹುಡುಗಿ ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನೇರವಾಗಿ ನಿಂತಳು. ಗೆರೆ ಅವಳ ತಲೆಗಿಂತ ಒಂದು ಗೇಣು ಮೇಲಿತ್ತು. ಮಗಳು ಚೀಲದಿಂದ ಗೋಣಿದಾರ ತೆಗೆದು ನೆಲದಿಂದ ಗೆರೆಯವರೆಗೆ ಹಿಡಿದಳು. ಇನ್ನೊಬ್ಬಳು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು. ಆ ದಾರವನ್ನು ಸುತ್ತಿ ಸುತ್ತಿ ಹೊಳೆಯ ಪುಟಕ್ಕೆ ಅಂಟಿಸಿದ್ದಾರೆ.